ಕಣ್ಣು ಕೋರೈಸುವ ಬೆಳಕು ಮತ್ತು ಇರುಳ ರಸ್ತೆಯ ಮೂರನೆಯವನು

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ಮಾಲೆಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಗಡಿ ಪ್ರಶ್ನೆಯೋ, ಹೊರನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯೋ ಆಗಿದ್ದಿರಬೇಕು. ರಾತ್ರಿಯ ರಸ್ತೆಯಲ್ಲಿ ವಾಹನಗಳ ಹೆಡ್‌ಲೈಟ್ ಬಗೆಗೆ ಮಾತನಾಡುತ್ತೇನೆಂದು ನಾನು ಹೇಳಿದೆ. ಅವರು ಕೆಲವು ಕ್ಷಣ ಸುಮ್ಮನಿದ್ದು, "ಸರಿ ಸಾರ್, ಅದನ್ನೂ ಒಂದು ಸಲ ಕೇಳೋಣ" ಎಂದರು. ಅವರ ಔದಾರ್ಯಕ್ಕೆ ಕೃತಜ್ಞ. ಇದು ಸಂಸ್ಕೃತಿಗೆ ಹೊರಗಿನ ವಿಷಯವೆಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ. ಆದರೆ ಒಬ್ಬರಿಗೊಬ್ಬರು ಗುರುತಿಲ್ಲದ ಜನ ಕತ್ತಲಲ್ಲಿ ಎದುರುಬದುರಾದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಸಂಸ್ಕೃತಿಯ ಪ್ರಶ್ನೆಯಲ್ಲದೆ ಮತ್ತೇನು?

ಇಲ್ಲಿ ಸೇರಿರುವವರಲ್ಲಿ ಬಹುಮಂದಿ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಸ್ವಂತ ಕಾರಿನಲ್ಲಿ ಊರಿಗೆ ಹೋಗಿಬರುವವರು. ಹಿಂದೆ ರಾತ್ರಿ ಬಸ್ಸಿನಲ್ಲಿ ಕುಳಿತು ಬೆಳಗಾಗುವಾಗ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಕಣ್ಣು ಬಿಡುತ್ತಿದ್ದೆವು. ಕರಾವಳಿಯ ಬಂಧುಗಳಿಗೆ 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದುಕೊಂಡ ಮೇಲೆ ಅನುಕೂಲವಾಯಿತು. ಈಗ ಮನೆಗೊಂದು ಕಾರು ಬಂದಿದೆ. ಶುಕ್ರವಾರ ಸಂಜೆ ಕಚೇರಿ ಮುಗಿಸಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಊಟ ಮಾಡಿ ಒಂಬತ್ತು ಗಂಟೆಗೆ ಹೊರಟರೆ ಸತಾರಾ, ಕರಾಡ, ಕೊಲ್ಹಾಪುರ ದಾಟಿ ಮುಂಜಾನೆಯ ಹೊತ್ತಿಗೆ ಊರು. ರಜೆ ಉಳಿಯುತ್ತದೆ, ಬಿಸಿಲು ತಪ್ಪುತ್ತದೆ, ದಟ್ಟಣೆ ಕಡಿಮೆ ಎಂದು ನಾವೆಲ್ಲ ಇರುಳನ್ನೇ ಆರಿಸಿಕೊಳ್ಳುತ್ತೇವೆ. ಹೀಗಾಗಿ ಈ ವಿಷಯ ನಮ್ಮ ಮನೆಬಾಗಿಲಿನದೇ.

ಮೊದಲು ಕಣ್ಣಿನ ವಿಚಾರ. ನಮ್ಮ ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗ್ರಹಿಸುವ ಶಂಕುಗಳು ಸುಮಾರು 60 ಲಕ್ಷ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಸಲಾಕೆಯಾಕಾರದ ಕೋಶಗಳು ಸುಮಾರು 12 ಕೋಟಿ. ಕತ್ತಲಿಗೆ ಕಣ್ಣು ಪೂರ್ಣ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಮಟಮಟ ಮಧ್ಯಾಹ್ನ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದೊಳಗೆ ಕಾಲಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಂಬ, ಕಂಬದ ಮೇಲಿನ ಕೆತ್ತನೆ, ಕೊನೆಗೆ ಮೂಲೆಯಲ್ಲಿ ಕುಳಿತಿರುವ ಮನುಷ್ಯ. ಹೀಗೆ ನಿಧಾನವಾಗಿ ಗಳಿಸಿಕೊಂಡ ಈ ಶಕ್ತಿ ಹೋಗುವುದಾದರೋ ಕ್ಷಣಮಾತ್ರದಲ್ಲಿ. ಪ್ರಖರ ಬೆಳಕು ಬಿದ್ದೊಡನೆ ಕಣ್ಣಿನ ಪಾಪೆ ಥಟ್ಟನೆ ಕಿರಿದಾಗುತ್ತದೆ. ಮತ್ತೆ ಹಿಗ್ಗುವುದು ಸಾವಕಾಶವಾಗಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎದುರಿನಿಂದ ಬಂದ ಬೆಳಕು ಕಣ್ಣಿನ ಮಸೂರದಲ್ಲಿ ಸ್ವಲ್ಪ ಚದರುತ್ತದೆ. ಚದರಿದ ಬೆಳಕು ಅಕ್ಷಿಪಟಲದ ಮೇಲೆಲ್ಲ ಒಂದು ತೆಳುವಾದ ಬಿಳಿಯ ತೆರೆಯಂತೆ ಹರಡಿಕೊಳ್ಳುತ್ತದೆ. ಆ ತೆರೆಯ ಹಿಂದೆ ರಸ್ತೆ ಇದೆ, ರಸ್ತೆಯ ಮೇಲಿನ ಮನುಷ್ಯನಿದ್ದಾನೆ, ಆದರೆ ಅವನಿಗೂ ಹಿನ್ನೆಲೆಗೂ ಇದ್ದ ಅಲ್ಪ ವ್ಯತ್ಯಾಸ ಅಳಿಸಿಹೋಗಿರುತ್ತದೆ. ಕಣ್ಣಿಗೆ ಕಿರಿಕಿರಿಯಾಗುವುದು ಬೇರೆ, ಕಾಣುವ ಶಕ್ತಿಯೇ ಕುಂದುವುದು ಬೇರೆ. ವಿಜ್ಞಾನಿಗಳು ಇವೆರಡನ್ನೂ ಪ್ರತ್ಯೇಕವಾಗಿ ಅಳೆಯುತ್ತಾರೆ. ನಾವು ಮೊದಲನೆಯದನ್ನು ಕುರಿತು ಬೈದುಕೊಳ್ಳುತ್ತೇವೆ, ಅಪಾಯವಿರುವುದು ಎರಡನೆಯದರಲ್ಲಿ. ತನಗೆ ಕಾಣುತ್ತಿಲ್ಲ ಎಂಬುದು ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಎರಡು ಉರಿಯುವ ಗೋಲಗಳು ಸ್ಪಷ್ಟವಾಗಿ ಕಾಣುತ್ತಿವೆಯಲ್ಲ! ಕಾಣದೆ ಹೋದದ್ದು ಕಾಣಲಿಲ್ಲವೆಂದು ಯಾರು ಹೇಳಬೇಕು?

ಐವತ್ತು ದಾಟಿದ ನನ್ನಂಥವರಿಗೆ ಈ ತೆರೆ ಇನ್ನೂ ದಪ್ಪ. ವಯಸ್ಸಾದಂತೆ ಮಸೂರ ಹಳದಿಗಟ್ಟುತ್ತದೆ, ಪಾಪೆ ಹಿಂದಿನಷ್ಟು ಹಿಗ್ಗುವುದಿಲ್ಲ. ಇಪ್ಪತ್ತರ ಯುವಕನ ಅಕ್ಷಿಪಟಲವನ್ನು ಮುಟ್ಟುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತು ವಯಸ್ಸಿನವರ ಅಕ್ಷಿಪಟಲವನ್ನು ತಲುಪುತ್ತದೆ. ಪೊರೆ ಬರತೊಡಗಿದ್ದರಂತೂ ಬೆಳಕು ಚದರುವುದು ಮತ್ತಷ್ಟು ಹೆಚ್ಚು. ಹಗಲಿನಲ್ಲಿ ಕನ್ನಡಕದ ಸಹಾಯದಿಂದ ಪತ್ರಿಕೆಯ ಸಣ್ಣಕ್ಷರವನ್ನು ಓದಬಲ್ಲೆವು ಎಂಬ ಧೈರ್ಯ ಇರುಳಿನ ರಸ್ತೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಚಾಲನಾ ಪರವಾನಗಿಯ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ, ನಿಜ. ಬೆಳಕು ಬಿದ್ದಾಗ ಏನು ಕಾಣುತ್ತದೆ ಎಂದು ಮಾತ್ರ ಅಲ್ಲಿ ಯಾರೂ ಪರೀಕ್ಷಿಸಿದ್ದನ್ನು ನಾನು ಕಂಡಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಗಂಟೆಗೆ 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಕಣ್ಣು ಚೇತರಿಸಿಕೊಳ್ಳಲು ಐದೇ ಸೆಕೆಂಡು ಹಿಡಿಯಿತೆನ್ನಿ, ಅಷ್ಟರಲ್ಲಿ ಕಾರು 110 ಮೀಟರ್ ಹೋಗಿರುತ್ತದೆ. ಒಂದು ಫುಟ್‌ಬಾಲ್ ಮೈದಾನದ ಉದ್ದವನ್ನು ಕಣ್ಣುಮುಚ್ಚಿ ದಾಟಿದಂತೆ. ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ತಗ್ಗಿಸಿದ ದೀಪ, ಅಂದರೆ ಲೋ ಬೀಮ್, ರಸ್ತೆಯನ್ನು ಚೆನ್ನಾಗಿ ಬೆಳಗುವುದು ಸುಮಾರು 50 ಮೀಟರ್‌ವರೆಗೆ. 60 ಕಿಲೋಮೀಟರ್ ವೇಗದಲ್ಲಿರುವ ಕಾರು, ಚಾಲಕ ಅಪಾಯ ಕಂಡು ಬ್ರೇಕ್ ಒತ್ತಿ ನಿಲ್ಲುವ ಹೊತ್ತಿಗೆ, ಒಣ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ ಸಾಗಿರುತ್ತದೆ. 80ರ ವೇಗದಲ್ಲಾದರೆ 75 ಮೀಟರ್ ಬೇಕು. ಆದ್ದರಿಂದ "ದೀಪ ತಗ್ಗಿಸಿದರೆ ನನಗೆ ಏನೂ ಕಾಣುವುದಿಲ್ಲ ಸಾರ್" ಎಂದು ಟ್ಯಾಕ್ಸಿ ಚಾಲಕರು ಹೇಳುವ ಮಾತು ಸುಳ್ಳಲ್ಲ. ಅವರು ಓಡಿಸುವ ವೇಗಕ್ಕೆ ತಗ್ಗಿದ ದೀಪ ಸಾಲುವುದಿಲ್ಲ, ಅಷ್ಟು ನಿಜ. ಆದರೆ ಅದಕ್ಕೆ ಪರಿಹಾರ ವೇಗವನ್ನು ಬೆಳಕಿಗೆ ತಕ್ಕಂತೆ ಇಳಿಸುವುದೋ, ಬೆಳಕನ್ನು ವೇಗಕ್ಕೆ ತಕ್ಕಂತೆ ಏರಿಸಿ ಎದುರಿನವನನ್ನು ಕುರುಡಾಗಿಸುವುದೋ? ನಮ್ಮ ರಸ್ತೆಗಳು ಎರಡನೆಯದನ್ನು ಆರಿಸಿಕೊಂಡಿವೆ.

ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಎರಡು ವಾಹನಗಳಿವೆ. ಕಣ್ಣು ಕೋರೈಸುವವನೊಬ್ಬ, ಕೋರೈಸಿಕೊಳ್ಳುವವನೊಬ್ಬ. ಇದು ಇಬ್ಬರು ವಾಹನವಂತರ ನಡುವಣ ಮರ್ಯಾದೆಯ ಪ್ರಶ್ನೆ ಎಂದೇ ನಾವು ಭಾವಿಸಿದ್ದೇವೆ. ಆದರೆ ಪೆಟ್ಟು ಬೀಳುವುದು ಬಹಳ ಸಲ ಇವರಿಬ್ಬರಿಗೂ ಅಲ್ಲ. ದೀಪವೇ ಇಲ್ಲದ ಮೂರನೆಯವನಿಗೆ.

ನನ್ನ ತಾಯಿಯ ತವರು ನಿಪ್ಪಾಣಿ ಸಂಕೇಶ್ವರಗಳ ಕಡೆಯ ಒಂದು ಹಳ್ಳಿ. ಆ ಸೀಮೆಯನ್ನು ಬಲ್ಲವರಿಗೆ ಗೊತ್ತು, ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳು ನುರಿಸುವ ಹಂಗಾಮು ಆರಂಭಿಸಿದವೆಂದರೆ ಶಿವರಾತ್ರಿ ಕಳೆಯುವ ತನಕ ರಸ್ತೆಗಳೆಲ್ಲ ಕಬ್ಬಿನವು. ಎತ್ತಿನ ಬಂಡಿ, ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರು, ಲಾರಿ. ಕಾರ್ಖಾನೆಯ ಸರದಿ ಹಿಡಿಯಲು ಬಂಡಿಗಳು ರಾತ್ರಿಯೇ ಹೊರಡುತ್ತವೆ. ನನ್ನ ಸೋದರಮಾವನೂ ಹಾಗೆ ಹೊರಟವರು. 2009ರ ಸಂಕ್ರಾಂತಿಯ ಹಿಂದಿನ ರಾತ್ರಿ, ತಾಲ್ಲೂಕು ರಸ್ತೆ, ನಡುವೆ ವಿಭಜಕವಿಲ್ಲ. ಬಂಡಿಯ ಅಚ್ಚಿನ ಕೆಳಗೆ ಪದ್ಧತಿಯಂತೆ ಒಂದು ಕಂದೀಲು ತೂಗಾಡುತ್ತಿತ್ತು. ಹಿಂದಿನಿಂದ ಒಂದು ಕಾರು ಬಂದಿತು. ಅದರಲ್ಲಿದ್ದವರು ನಮ್ಮಂತೆಯೇ ಹೊರನಾಡಿನಲ್ಲಿ ನೌಕರಿಯಲ್ಲಿದ್ದು ಹಬ್ಬಕ್ಕೆ ಊರಿಗೆ ಹೊರಟ ಒಂದು ಕುಟುಂಬ. ಎದುರಿನಿಂದ ಒಂದು ವಾಹನ ಬಂದಿತು, ಬಂಪರಿನ ಮೇಲೆ ನಾಲ್ಕು ಹೆಚ್ಚಿನ ದೀಪಗಳನ್ನು ಕಟ್ಟಿಕೊಂಡಿತ್ತೆಂದು ಆಮೇಲೆ ಹೇಳಿದರು. ಕಾರಿನವರಿಗೆ ಆ ದೀಪಗಳ ಹೊರತು ಏನೂ ಕಾಣಲಿಲ್ಲ. ಬಂಡಿಗೆ ಹಿಂದಿನಿಂದ ಗುದ್ದಿತು. ಒಂದು ಎತ್ತು ಅಲ್ಲಿಯೇ ಸತ್ತಿತು. ಮಾವನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಆರು ತಿಂಗಳು ಹಾಸಿಗೆ. ಎದ್ದ ಮೇಲೂ ಅವರು ಮತ್ತೆ ಬಂಡಿ ಹೂಡಲಿಲ್ಲ. ಉಳಿದ ಒಂಟಿ ಎತ್ತನ್ನು ಸಂತೆಗೆ ಹೊಡೆದರು.

ಕಾರು ಓಡಿಸುತ್ತಿದ್ದವರು ಸಜ್ಜನರು. ಓಡಿಹೋಗಲಿಲ್ಲ, ಮಾವನನ್ನು ತಾವೇ ಆಸ್ಪತ್ರೆಗೆ ತಂದರು. "ಅಣ್ಣಾರ, ಖರೇ ಹೇಳ್ತೀನಿ, ನಮಗ ಬಂಡಿ ಕಾಣಲೇ ಇಲ್ಲ" ಎಂದು ನನ್ನ ಕೈ ಹಿಡಿದು ಹೇಳಿದರು. ನಾನು ಆ ಮಾತನ್ನು ನಂಬಿದೆ, ಇಂದಿಗೂ ನಂಬುತ್ತೇನೆ. ಅವರ ಮೇಲೆ ಆಗಿನ ಭಾರತೀಯ ದಂಡ ಸಂಹಿತೆಯ 279 ಮತ್ತು 338ನೆಯ ಕಲಮುಗಳ ಪ್ರಕಾರ, ದುಡುಕು ಮತ್ತು ನಿರ್ಲಕ್ಷ್ಯದ ಚಾಲನೆ ಹಾಗೂ ತೀವ್ರ ಗಾಯ ಎಂದು ಮೊಕದ್ದಮೆಯಾಯಿತು. ಬಂಡಿಗೆ ಹಿಂಬದಿಯ ಪ್ರತಿಫಲಕವಿರಲಿಲ್ಲವೆಂದು ಅವರ ವಕೀಲರು ವಾದಿಸಿದರು. ಅದೂ ಸತ್ಯವೇ. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು, ಎರಡೂ ಮನೆಯವರು ದಣಿದರು.

ನನ್ನನ್ನು ಕಾಡುವುದು ಬೇರೆ ಸಂಗತಿ. ಆ ಕಾಗದಪತ್ರಗಳನ್ನೆಲ್ಲ ನಾನು ಓದಿದ್ದೇನೆ. ಕಡತ ಓದುವುದು ನನ್ನ ವೃತ್ತಿ. ಪಂಚನಾಮೆಯಲ್ಲಿ ಕಾರು ಇದೆ, ಬಂಡಿ ಇದೆ, ಸತ್ತ ಎತ್ತಿನ ಬಣ್ಣ ಕೂಡ ಇದೆ. ನಾಲ್ಕು ದೀಪಗಳ ಆ ಮೂರನೆಯ ವಾಹನ ಎಲ್ಲಿಯೂ ಇಲ್ಲ. ಅದು ಯಾರನ್ನೂ ಮುಟ್ಟಲಿಲ್ಲ, ಅದರ ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ತನ್ನ ಹಿಂದೆ ಏನಾಯಿತೆಂಬುದು ಅದರ ಚಾಲಕನಿಗೆ ತಿಳಿದೇ ಇರಲಾರದು. ಅವನೂ ಮನೆ ತಲುಪಿ ಸಂಕ್ರಾಂತಿಯ ಎಳ್ಳು ಬೆಲ್ಲ ತಿಂದಿರಬೇಕು. ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು 279ರ ಬದಲು 281 ಆಗಿದೆ. ಸಂಖ್ಯೆ ಬದಲಾದರೂ ಸ್ಥಿತಿ ಅದೇ. ಬೆಳಕಿನಿಂದ ಹೊಡೆದು ಹೊರಟುಹೋದವನನ್ನು ಹಿಡಿಯುವ ಬಗೆ ಇನ್ನೂ ನಮಗೆ ಕಂಡಿಲ್ಲ.

ಕಡತದಲ್ಲಿ ಇಲ್ಲದ್ದು ಅಂಕಿಸಂಖ್ಯೆಯಲ್ಲಿಯೂ ಇರುವುದಿಲ್ಲ. ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಸತ್ತವರಲ್ಲಿ ದ್ವಿಚಕ್ರ ವಾಹನದವರು ಶೇಕಡಾ 44ಕ್ಕೂ ಹೆಚ್ಚು, ಪಾದಚಾರಿಗಳು ಶೇಕಡಾ 19ಕ್ಕೂ ಹೆಚ್ಚು. ದಿನದ ಎಂಟು ಕಾಲಖಂಡಗಳಲ್ಲಿ ಸಂಜೆ ಆರರಿಂದ ಒಂಬತ್ತರ ನಡುವೆ ಅತಿ ಹೆಚ್ಚು ಅಪಘಾತಗಳು, ಸರಿಸುಮಾರು ಐದರಲ್ಲೊಂದು. ಕಾರಣಗಳ ಕೋಷ್ಟಕವನ್ನು ನೋಡಿ: ಅತಿವೇಗ, ಮದ್ಯಪಾನ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪ ದಾಟುವುದು, ಮೊಬೈಲ್ ಫೋನ್, ಇತರೆ. ಹತ್ತರಲ್ಲಿ ಏಳಕ್ಕೂ ಹೆಚ್ಚು ಸಾವುಗಳು ಅತಿವೇಗದ ಕಾಲಮ್ಮಿನಲ್ಲಿ ಹೋಗಿ ಕೂರುತ್ತವೆ. ಕಣ್ಣು ಕೋರೈಸಿದ್ದಕ್ಕೆ ಕಾಲಮ್ಮೇ ಇಲ್ಲ. ನನ್ನ ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಕಲಿತ ಒಂದು ಸಂಗತಿಯೆಂದರೆ ಕಾಲಮ್ಮಿಲ್ಲದ ದುಃಖಕ್ಕೆ ಅನುದಾನವೂ ಇರುವುದಿಲ್ಲ. ಎಷ್ಟು ಜನ ಹೀಗೆ ಸಾಯುತ್ತಾರೆಂದು ದಯವಿಟ್ಟು ನನ್ನನ್ನು ಕೇಳಬೇಡಿ. ಎಣಿಸಿದ್ದರೆ ತಾನೆ ಹೇಳುವುದು?

ಕಾನೂನು ಇಲ್ಲವೆಂದಲ್ಲ, ಬೇಕಾದಷ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮ ಬಹಳ ಸೊಗಸಾಗಿದೆ. ದೀಪದಿಂದ 8 ಮೀಟರ್ ಮುಂದೆ, ದೀಪದ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು ಎಂದು ಅದು ಹೇಳುತ್ತದೆ. ಆ ನಿಯಮವನ್ನು ಬರೆದವರು ಯಾರೋ, ಕತ್ತಲಲ್ಲಿ ರಸ್ತೆಯಂಚಿಗೆ ನಿಂತ ಒಬ್ಬ ಸಾಮಾನ್ಯ ಎತ್ತರದ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾರೆ. 2017ರ ಚಾಲನಾ ವಿನಿಯಮಗಳೂ ಎದುರಿನಿಂದ ವಾಹನ ಬರುವಾಗ ದೀಪ ತಗ್ಗಿಸಬೇಕೆನ್ನುತ್ತವೆ. ದಂಡ? ಮೋಟಾರು ವಾಹನ ಕಾಯಿದೆಯ 177ನೆಯ ಕಲಮಿನಂತೆ 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ 500 ರೂಪಾಯಿ. ವಾಹನದ ಮೂಲ ರಚನೆಯನ್ನು ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ.

ಆದರೆ ನೋಡುವವರು ಯಾರು? ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ನಿಯತಕಾಲದ ಫಿಟ್‌ನೆಸ್ ಪರೀಕ್ಷೆಯಿದೆ. ನಮ್ಮ ನಿಮ್ಮ ಖಾಸಗಿ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ ಅದಾವುದೂ ಇಲ್ಲ. ಹೊಗೆಯ ಪ್ರಮಾಣಪತ್ರಕ್ಕೆ ವರ್ಷವರ್ಷವೂ ಪೆಟ್ರೋಲ್ ಪಂಪಿನ ಪಕ್ಕದ ಗೂಡಂಗಡಿಗೆ ಹೋಗುತ್ತೇವೆ. ದೀಪದ ದಿಕ್ಕನ್ನು ಹದಿನೈದು ವರ್ಷ ಯಾರೂ ಕೇಳುವುದಿಲ್ಲ.

ಇದರ ಜೊತೆಗೆ ಹೊಸ ಕಾಲದ ದೀಪಗಳು. ಹಿಂದಿನ ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತುಗಳು, ಮೇಲ್ಬೆಳಕಿಗೆ 60 ವಾಟ್, ತಗ್ಗಿದ್ದಕ್ಕೆ 55 ವಾಟ್. ಅದರ ಹಿಂದಿನ ಕನ್ನಡಿಯ ಒಂದೊಂದು ಬಾಗೂ ಆ ತಂತು ಎಲ್ಲಿದೆ ಎಂಬ ಲೆಕ್ಕದ ಮೇಲೆ ನಿಂತಿದೆ. ತಗ್ಗಿದ ಬೆಳಕಿಗೆ ಮೇಲೊಂದು ಖಚಿತವಾದ ಗಡಿರೇಖೆಯಿದೆ. ನಮ್ಮ ದೇಶದಲ್ಲಿ ಎಡಬದಿಯ ಚಾಲನೆಯಾದ್ದರಿಂದ ಎಡಕ್ಕೆ ಮಾತ್ರ, ಪಾದಚಾರಿ ಕಾಣಲೆಂದು, ಆ ರೇಖೆ ತುಸು ಮೇಲೇರುತ್ತದೆ. ಎಷ್ಟು ಜಾಣ ವ್ಯವಸ್ಥೆ! ಈಗ ಬಿಡಿಭಾಗಗಳ ಅಂಗಡಿಗೆ ಹೋಗಿ ಆ ಬಲ್ಬನ್ನು ತೆಗೆಸಿ ಅದೇ ಗೂಡಿಗೆ ಎಲ್‌ಇಡಿ ಹಾಕಿಸುತ್ತಾರೆ. ಬೆಳಕಿನ ಮೂಲ ತಂತುವಿದ್ದ ಜಾಗದಲ್ಲಿ, ತಂತುವಿನ ಆಕಾರದಲ್ಲಿ ಇರುವುದಿಲ್ಲ. ಗಡಿರೇಖೆ ಕದಡಿಹೋಗಿ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಮಾಲೀಕನಿಗೆ ತನ್ನ ಬಂಪರಿನ ಮುಂದಿನ ಹತ್ತು ಮೀಟರ್ ಹಾಲಿನಂತೆ ಬೆಳಗಿದ್ದು ಕಂಡು ಬಹಳ ಸಂತೋಷ. ಅಷ್ಟು ಹತ್ತಿರದ ಬೆಳಕು ಅವನ ಕಣ್ಣನ್ನೇ ಮಂಕಾಗಿಸಿ ದೂರದ್ದನ್ನು ಕಾಣದಂತೆ ಮಾಡುತ್ತದೆ ಎಂಬುದು ಅವನಿಗೆ ತಿಳಿಯದು. ನೀಲಿ ಛಾಯೆಯ ಬಿಳಿ ಬೆಳಕು ಅಷ್ಟೇ ಪ್ರಮಾಣದ ಹಳದಿ ಬೆಳಕಿಗಿಂತ ಎದುರಿನವರ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ ಎಂಬುದನ್ನೂ ಪ್ರಯೋಗಗಳು ತೋರಿಸಿವೆ. ಫ್ರಾನ್ಸ್ ದೇಶದಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ವಾಹನಗಳಿಗೆ ಹಳದಿ ದೀಪವೇ ಕಡ್ಡಾಯವಾಗಿತ್ತು. ನಮ್ಮಲ್ಲಿಯೂ ಹಿಂದೆ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುವ, ನಡುವೆ ಕಪ್ಪು ಬೊಟ್ಟಿಡುವ ರೂಢಿಯಿತ್ತು. ವಿಜ್ಞಾನದ ದೃಷ್ಟಿಯಿಂದ ಅದು ಅಷ್ಟೇನೂ ಪ್ರಯೋಜನಕಾರಿಯಲ್ಲ. ಆದರೂ ಎದುರಿನವನಿಗೆ ತೊಂದರೆಯಾದೀತು ಎಂಬ ಒಂದು ಸಾರ್ವಜನಿಕ ನೆನಪು ಆ ಬೊಟ್ಟಿನಲ್ಲಿತ್ತು.

ಎದುರು ಬೆಳಕನ್ನು ಗ್ರಹಿಸಿ ಅಷ್ಟು ಭಾಗವನ್ನು ಮಾತ್ರ ತಾನೇ ಮಬ್ಬಾಗಿಸಿಕೊಳ್ಳುವ ದೀಪಗಳು ಯೂರೋಪಿನಲ್ಲಿ ಬಹುದಿನಗಳಿಂದ ಇವೆ. ಅಮೆರಿಕ 2022ರಲ್ಲಿ ಅವಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಅವು ಬೆಲೆಬಾಳುವ ಕಾರುಗಳಲ್ಲಿವೆ. ಯಂತ್ರವೇ ಸೌಜನ್ಯ ಕಲಿಯುವ ತನಕ ಕಾಯುವುದಾದರೆ ಕಬ್ಬಿನ ಬಂಡಿಯವನು ಬಹಳ ಕಾಲ ಕಾಯಬೇಕಾದೀತು.

ಇದರಲ್ಲಿ ಒಂದು ರಾಜಕೀಯವೂ ಇದೆ. ನಮ್ಮ ರಸ್ತೆಗಳಲ್ಲಿ ಬೆಳಕು ಅಧಿಕಾರದ ಚಿಹ್ನೆಯಾಗಿದೆ. ಗಣ್ಯರ ವಾಹನಗಳ ಮೇಲಿನ ಕೆಂಪು ದೀಪವನ್ನು 2017ರ ಮೇ 1ರಿಂದ ತೆಗೆಸಲಾಯಿತು. ಒಳ್ಳೆಯ ಕೆಲಸ. ಆದರೆ ಮಾಡಿನಿಂದ ಇಳಿದ ಆ ದರ್ಪ ಬಂಪರಿನ ಮೇಲೆ ಬಿಳಿಯ ಪಟ್ಟಿಯಾಗಿ ಬಂದು ಕೂತಿದೆ. ದೊಡ್ಡ ವಾಹನ, ಎತ್ತರದ ದೀಪ. ಸಣ್ಣ ಕಾರಿನವನ ಕಣ್ಣಿನ ಮಟ್ಟಕ್ಕೇ ಅದು ನೇರ. ಸಣ್ಣ ಕಾರಿನವನು ಸ್ಕೂಟರಿನವನನ್ನು ಕೋರೈಸುತ್ತಾನೆ. ಗೀರುಬಿದ್ದ ಹೆಲ್ಮೆಟ್ ಗಾಜಿನ ಹಿಂದಿರುವ ಸ್ಕೂಟರಿನವನು ಸೈಕಲ್ಲಿನವನನ್ನು. ಕೊನೆಯವನ ಕೈಯಲ್ಲಿ ಏನೂ ಇಲ್ಲ. ನಮ್ಮ ಸಮಾಜದ ಮೆಟ್ಟಿಲುಗಳನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರ ಬೇರೊಂದಿಲ್ಲವೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ರಸ್ತೆ ಕಟ್ಟುವವರಿಗೆ ಈ ತೊಂದರೆ ತಿಳಿಯದೆ ಇಲ್ಲ. ಪುಣೆಯಿಂದ ದಕ್ಷಿಣಕ್ಕೆ ಹೋಗುವಾಗ ಹೆದ್ದಾರಿಯ ನಡುವಣ ವಿಭಜಕದಲ್ಲಿ ಸಾಲಾಗಿ ಬೆಳೆದ ಕಣಗಿಲೆಯನ್ನು ನೀವು ನೋಡಿರುತ್ತೀರಿ. ಅದು ಕೇವಲ ಅಂದಕ್ಕಲ್ಲ. ಎದುರಿನ ದೀಪವನ್ನು ತಡೆಯುವ ಎತ್ತರಕ್ಕೆ ದಟ್ಟವಾಗಿ ಬೆಳೆಯುತ್ತದೆ, ನೀರು ಹೆಚ್ಚು ಬೇಡುವುದಿಲ್ಲ, ವಿಷವಾದ್ದರಿಂದ ದನ ಮುಟ್ಟುವುದಿಲ್ಲ. ನಮ್ಮ ದೇವರ ಪೂಜೆಯ ಹೂವು ಅಲ್ಲಿ ಚಾಲಕರ ಕಣ್ಣು ಕಾಯುತ್ತಿದೆ. ಎಲ್ಲೆಲ್ಲಿ ಗಿಡ ಒಣಗಿದೆಯೋ, ಎಲ್ಲೆಲ್ಲಿ ಹಳ್ಳಿಯವರು ದಾಟಲು ವಿಭಜಕ ಒಡೆದಿದ್ದಾರೆಯೋ ಅಲ್ಲಿ ಬೆಳಕು ತಟ್ಟನೆ ನುಗ್ಗುತ್ತದೆ, ದಾಟುವ ಮನುಷ್ಯನೂ ಅಲ್ಲಿಯೇ ಇರುತ್ತಾನೆ. ಕಷ್ಟವಿರುವುದು ವಿಭಜಕವೇ ಇಲ್ಲದ ಕಡೆ. ನಾಲ್ಕು ಪಥಗಳ ಹೆದ್ದಾರಿಯ ನಡುವೆ ಹುಬ್ಬಳ್ಳಿ ಧಾರವಾಡದ ಬೈಪಾಸ್ ಬಹುಕಾಲ ಎರಡೇ ಪಥವಾಗಿತ್ತು. ನೂರಾರು ಕಿಲೋಮೀಟರ್ ಎದುರುದೀಪವಿಲ್ಲದೆ ಓಡಿಸಿ ಅಭ್ಯಾಸವಾದವರು ಅದೇ ವೇಗದಲ್ಲಿ ಅಲ್ಲಿ ನುಗ್ಗುತ್ತಿದ್ದರು. ಹೆದ್ದಾರಿ ಬಿಟ್ಟು ಊರಿನ ದಾರಿ ಹಿಡಿಯುವ ಕೊನೆಯ ಇಪ್ಪತ್ತು ಮೂವತ್ತು ಕಿಲೋಮೀಟರಿನಲ್ಲಿ ನಮ್ಮ ಸ್ಥಿತಿ ಇಂದಿಗೂ ಹಾಗೆಯೇ. ರಾತ್ರಿಯೆಲ್ಲ ನಿದ್ದೆಗೆಟ್ಟು, ಮನೆ ಹತ್ತಿರವಾಯಿತೆಂಬ ಆತುರದಲ್ಲಿ, ಹಾಲಿನ ಕ್ಯಾನು ಹೊತ್ತ ಸೈಕಲ್ಲುಗಳು ಹೊರಡುವ ಹೊತ್ತಿಗೆ ನಾವು ಆ ರಸ್ತೆಗೆ ಇಳಿಯುತ್ತೇವೆ.

ಲಾರಿಗಳ ಹಿಂಭಾಗದಲ್ಲಿ "ಯೂಸ್ ಡಿಪ್ಪರ್ ಅಟ್ ನೈಟ್" ಎಂದು ಬರೆದಿರುವುದನ್ನು ನೋಡಿ ನಾವು ನಗುತ್ತೇವೆ. ನಾನು ಕಂಡಂತೆ ರಾತ್ರಿಯ ರಸ್ತೆಯಲ್ಲಿ ಈ ಮರ್ಯಾದೆಯನ್ನು ಹೆಚ್ಚು ಪಾಲಿಸುವವರು ಹಳೆಯ ಲಾರಿ ಚಾಲಕರೇ. ಹಿಂದಿನ ಎಷ್ಟೋ ವಾಹನಗಳಲ್ಲಿ ಡಿಪ್ಪರಿನ ಗುಂಡಿ ಎಡಗಾಲಿನ ಕೆಳಗಿರುತ್ತಿತ್ತು. ಎದುರು ಬೆಳಕು ಕಂಡರೆ ಕಾಲು ತಾನಾಗಿ ಒತ್ತುತ್ತಿತ್ತು. ಈಗ ಬೆರಳ ತುದಿಗೆ ಬಂದಿದೆ, ಬೆರಳಿಗೆ ಮಾತ್ರ ಸೋಮಾರಿತನ. ಇನ್ನೊಂದು ಕೆಟ್ಟ ಚಾಳಿ ಹಟದ್ದು. ಅವನು ತಗ್ಗಿಸಲಿಲ್ಲ, ನಾನೇಕೆ ತಗ್ಗಿಸಲಿ ಎಂದು ನಾವೂ ಏರಿಸುತ್ತೇವೆ. ಆಗ ಗಂಟೆಗೆ 80ರ ವೇಗದ ಇಬ್ಬರು ಕುರುಡರು ಸೆಕೆಂಡಿಗೆ 44 ಮೀಟರಿನಂತೆ ಪರಸ್ಪರ ಹತ್ತಿರವಾಗುತ್ತಿರುತ್ತಾರೆ. ಎದುರಿನವನಿಗೆ ಬುದ್ಧಿ ಕಲಿಸಲು ಅದಕ್ಕಿಂತ ಕೆಟ್ಟ ಜಾಗ ಸಿಗಲಾರದು.

ನಾವು ಮಾಡಬಹುದಾದದ್ದು ಬಹಳವೇನಿಲ್ಲ. ಎದುರು ಬೆಳಕು ಬಂದಾಗ ಅದನ್ನೇ ದಿಟ್ಟಿಸದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ಕಣ್ಣಿಟ್ಟು ವೇಗ ಇಳಿಸುವುದು. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸುವುದು. ಅಲ್ಲಿ ಕೂರುವ ಜಿಡ್ಡಿನ ಪದರ ಹಗಲು ಕಾಣುವುದಿಲ್ಲ, ರಾತ್ರಿ ಬೆಳಕನ್ನೆಲ್ಲ ಚೆಲ್ಲಾಡುತ್ತದೆ. ಮುಂದೊಂದು ವಾಹನವಿದ್ದರೆ ಅದರ ಕನ್ನಡಿಯೊಳಕ್ಕೆ ಮೇಲ್ಬೆಳಕು ಹೊಡೆಯದಿರುವುದು. ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ಪಕ್ಕ ಸೊನ್ನೆಯಿಂದ ಮೂರರವರೆಗೆ ಅಂಕಿಯಿರುವ ಒಂದು ಸಣ್ಣ ಚಕ್ರವಿದೆ. ಈ ಸಭೆಯಲ್ಲಿ ಕಾರಿರುವವರು ಕೈಯೆತ್ತಿ, ಅದು ಯಾತಕ್ಕೆಂದು ಎಷ್ಟು ಜನಕ್ಕೆ ಗೊತ್ತು? ನಾಲ್ಕೇ ಕೈಗಳು. ಹಿಂಭಾಗದಲ್ಲಿ ಭಾರ ಹೆಚ್ಚಾದಾಗ ಕಾರಿನ ಮೂತಿ ಮೇಲೇಳುತ್ತದೆ, ಅದರೊಡನೆ ದೀಪವೂ ಮೇಲೇಳುತ್ತದೆ. ತಗ್ಗಿಸಿದ ದೀಪವೂ ಆಗ ಎದುರಿನವನ ಕಣ್ಣಿಗೇ ಬೀಳುತ್ತದೆ. ಆ ಚಕ್ರವನ್ನು ತಿರುಗಿಸಿದರೆ ದೀಪ ಕೆಳಗಿಳಿಯುತ್ತದೆ. ಊರಿನಿಂದ ಹಿಂದಿರುಗುವಾಗ ನಾವು ಎರಡು ಮೂಟೆ ಅಕ್ಕಿ, ತೆಂಗಿನಕಾಯಿ, ಬೆಲ್ಲದ ಪೆಂಟೆ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿಯ ಜಾಡಿ ಎಲ್ಲವನ್ನೂ ಡಿಕ್ಕಿಯಲ್ಲಿ ತುಂಬಿಕೊಂಡು ಬರುತ್ತೇವಲ್ಲ, ಆಗ ಸೊನ್ನೆಯಲ್ಲಿರುವ ಚಕ್ರ ಎರಡಕ್ಕೋ ಮೂರಕ್ಕೋ ಹೋಗಬೇಕು.

ಕಾರ್ಖಾನೆಗಳ ಅಂಗಳದಲ್ಲಿ ಈಗ ಅಲ್ಲಲ್ಲಿ ಬಂಡಿಗಳಿಗೂ ಟ್ರಾಲಿಗಳಿಗೂ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುತ್ತಾರೆ. ಸಂಘದಿಂದ ಪ್ರತಿವರ್ಷ ಊರ ಕಡೆಗೆ ಪುಸ್ತಕ ಕಳುಹಿಸುವ ಪೆಟ್ಟಿಗೆಗಳಲ್ಲಿ ಅಂಥ ಪಟ್ಟಿಯ ಕೆಲವು ಸುರುಳಿಗಳನ್ನೂ ಇಡಬಹುದಲ್ಲವೆ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ.

ಇನ್ನೊಂದು ಸೂಚನೆ. ದೀಪಾವಳಿಗೆ ಬಹುಮಂದಿ ಊರಿಗೆ ಹೊರಡುತ್ತೀರಿ. ಅದಕ್ಕೆ ಮುಂಚಿನ ಒಂದು ಭಾನುವಾರ ಸಂಜೆ, ಕತ್ತಲಾದ ಮೇಲೆ, ನಮ್ಮ ಸಂಘದ ಹಿತ್ತಿಲಿನ ಸುಣ್ಣದ ಗೋಡೆಯ ಮುಂದೆ ಸದಸ್ಯರ ಕಾರುಗಳ ದೀಪ ಪರೀಕ್ಷಿಸಲು ಒಬ್ಬ ಮೆಕ್ಯಾನಿಕ್ ಒಪ್ಪಿಕೊಂಡಿದ್ದಾರೆ. ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿದರೆ, ತಗ್ಗಿದ ಬೆಳಕಿನ ಮೇಲ್ಗೆರೆ ದೀಪದ ನಡುಮಟ್ಟಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳಬೇಕು. ಇದ್ದಿಲಿನಲ್ಲಿ ಒಂದು ಗೆರೆ ಎಳೆದರೆ ಸಾಕು. ಒಂದು ಕಾರಿಗೆ ಹತ್ತು ನಿಮಿಷ ಹಿಡಿಯುತ್ತದೆ. ಹೆಸರು ಕೊಡುವವರು ಕಾರ್ಯದರ್ಶಿಗಳ ಬಳಿ ಈಗಲೇ ಕೊಡಬಹುದು. ಬರುವಾಗ ಹೆಂಡತಿ ಮಕ್ಕಳನ್ನೂ ಕರೆತನ್ನಿ, ಡಿಕ್ಕಿಯಲ್ಲಿ ಎರಡು ಮೂಟೆಯಷ್ಟು ಭಾರವನ್ನೂ ಇಟ್ಟುಕೊಂಡು ಬನ್ನಿ. ಖಾಲಿ ಕಾರಿನ ಪರೀಕ್ಷೆ ಉಪಯೋಗವಿಲ್ಲ.